ಹೊಂಬಾಳೆ ಬಿಡುವ ಕಾಲ: ವಿಟ್ಲದ ಸಂಶೋಧನೆ ಮತ್ತು ನಮ್ಮ ತೋಟದ ಲೆಕ್ಕ



ಕಳೆದ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರದ ಮಂಜೂರಾತಿ ಮುಗಿದು ಎಲ್ಲರೂ ಊಟಕ್ಕೆ ಏಳುತ್ತಿದ್ದಾಗ ಹೊಸನಗರ ಕಡೆಯ ಯುವ ಸದಸ್ಯರೊಬ್ಬರು ನನ್ನನ್ನು ಬದಿಗೆ ಕರೆದರು. ಎಲೆಚುಕ್ಕಿ ರೋಗದಿಂದಾಗಿ ಅವರ ತಂದೆಯ ಕಾಲದ ತೋಟ ಸೊರಗುತ್ತಾ ಬಂದಿದೆ. ಒಂದು ಎಕರೆಯಷ್ಟು ಹೊಸದಾಗಿ ನಾಟಿ ಮಾಡಬೇಕೆಂದು ಅವರ ಯೋಚನೆ. "ಮೂರೇ ವರ್ಷಕ್ಕೆ ಹೊಂಬಾಳೆ ಬಿಡುವ ಸಸಿ ಇದೆಯಂತೆ. ನಿಜವೋ ಸುಳ್ಳೋ ತಿಳಿಯದು. ನನ್ನ ಹತ್ತಿರ ಒಂದು ಸಲ ನಾಟಿ ಮಾಡುವಷ್ಟು ಮಾತ್ರ ದುಡ್ಡಿದೆ. ತಪ್ಪಿದರೆ ಇನ್ನೊಂದು ಸಲ ಹಾಕುವ ತಾಕತ್ತಿಲ್ಲ" ಎಂದರು.

ಊಟದ ಗಡಿಬಿಡಿಯಲ್ಲಿ ನಿಂತ ಕಾಲ ಮೇಲೆ ಉತ್ತರ ಹೇಳುವ ಪ್ರಶ್ನೆ ಇದಲ್ಲ. "ಪತ್ರಿಕೆಯಲ್ಲಿ ಬರೆಯುತ್ತೇನೆ" ಎಂದು ಹೇಳಿ ಕಳುಹಿಸಿದೆ. ಆ ಮಾತನ್ನು ಈಗ ಉಳಿಸಿಕೊಳ್ಳುತ್ತಿದ್ದೇನೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳಲ್ಲಿ ಈ ವರ್ಷ ಮರುನಾಟಿಗೆ ಹೊರಟವರು ಹಲವರಿದ್ದಾರೆ. ಅವರೆಲ್ಲರೂ ಇದನ್ನು ಓದಬೇಕೆಂದು ವಿನಂತಿ.

ಹೂಬಿಡುವ ಕಾಲವೆಂದರೆ ಮೂರು ಕಾಲ

ಅಡಿಕೆ ಮರ ಯಾವಾಗ ಹೂ ಬಿಡುತ್ತದೆ ಎಂದು ಕೇಳಿದರೆ ಮೂರು ಬೇರೆ ಬೇರೆ ಉತ್ತರಗಳಿವೆ. ಇವನ್ನು ಒಂದರೊಡನೊಂದು ಬೆರೆಸಿಕೊಂಡರೆ ಗೊಂದಲವಾಗುತ್ತದೆ.

ಮೊದಲನೆಯದು ವಯಸ್ಸಿನ ಲೆಕ್ಕ. ನಾಟಿ ಮಾಡಿದ ಸಸಿ ಎಷ್ಟನೇ ವರ್ಷಕ್ಕೆ ಮೊದಲ ಹೊಂಬಾಳೆ ಬಿಡುತ್ತದೆ ಎಂಬುದು. ನಮ್ಮ ಊರ ತಳಿಗಳಲ್ಲಿ ಸಾಮಾನ್ಯವಾಗಿ ಐದರಿಂದ ಏಳು ವರ್ಷ. ನೀರು, ಗೊಬ್ಬರ ಸಾಲದಿದ್ದರೆ ಇನ್ನೂ ಒಂದೆರಡು ವರ್ಷ ತಡ.

ಎರಡನೆಯದು ತಿಂಗಳ ಲೆಕ್ಕ. ಫಸಲಿಗೆ ಬಂದ ಮರ ವರ್ಷದಲ್ಲಿ ಯಾವ ತಿಂಗಳು ಹೊಂಬಾಳೆ ಒಡೆಯುತ್ತದೆ ಎಂಬುದು. ಸೋಗೆ ಕಳಚಿ ಹಾಳೆ ಬಿದ್ದ ಮೇಲಲ್ಲವೇ ಅದರ ಕಂಕುಳಲ್ಲಿದ್ದ ಹೊಂಬಾಳೆ ಕಣ್ಣಿಗೆ ಬೀಳುವುದು? ಒಂದೊಂದು ಸೋಗೆಯ ಕಂಕುಳಲ್ಲಿ ಒಂದೊಂದೇ ಹೊಂಬಾಳೆ. ನಮ್ಮಲ್ಲಿ ಹೆಚ್ಚಿನವು ಮಾಘದಿಂದ ವೈಶಾಖದೊಳಗೆ ಒಡೆಯುತ್ತವೆ.

ಮೂರನೆಯದು ದಿನದ ಲೆಕ್ಕ. ಒಡೆದ ಸಿಂಗಾರದಲ್ಲಿ ಗಂಡು ಹೂ ಎಂದು ಅರಳುತ್ತದೆ, ಹೆಣ್ಣು ಹೂ ಎಂದು ಅರಳುತ್ತದೆ ಎಂಬುದು. ನಾವು ಯಾರೂ ಲಕ್ಷ್ಯ ಕೊಡದ ಲೆಕ್ಕವೆಂದರೆ ಇದೇ. ಆದರೆ ಮೇಲಿನ ಎರಡಕ್ಕೂ ಬೀಗದ ಕೈ ಇರುವುದು ಇದರಲ್ಲಿ.

ಒಂದೇ ಸಿಂಗಾರ, ಎರಡು ಹೊತ್ತು

ಸಿಂಗಾರವನ್ನು ಹತ್ತಿರದಿಂದ ನೋಡಿ. ಎಳೆಗಳ ಬುಡದಲ್ಲಿ ದಪ್ಪಗೆ ಕೂತಿರುವವು ಹೆಣ್ಣು ಹೂಗಳು. ಮುಂದೆ ಮಿಡಿಯಾಗಿ ಅಡಿಕೆಯಾಗುವವು ಇವೇ. ಎಳೆಯ ಉದ್ದಕ್ಕೂ ತುದಿಯವರೆಗೆ ಸಾಲಾಗಿ ಅಂಟಿರುವ ಸಣ್ಣ ಸಣ್ಣ ಹೂಗಳು ಗಂಡು. ಒಂದು ಸಿಂಗಾರದಲ್ಲಿ ಹೆಣ್ಣು ಹೂ ನೂರರ ಲೆಕ್ಕದಲ್ಲಿದ್ದರೆ ಗಂಡು ಹೂ ಸಾವಿರಗಳ ಲೆಕ್ಕದಲ್ಲಿರುತ್ತದೆ.

ಹೊಂಬಾಳೆ ಒಡೆದ ಕೂಡಲೇ ಗಂಡು ಹೂಗಳು ಅರಳಲು ತೊಡಗುತ್ತವೆ. ದಿನಕ್ಕಿಷ್ಟು ಅರಳಿ, ದಿನಕ್ಕಿಷ್ಟು ಉದುರಿ, ಇದು 25ರಿಂದ 46 ದಿನಗಳವರೆಗೆ ನಡೆಯುತ್ತದೆ. ಬುಡದಲ್ಲಿ ನೆಲ ಬೆಳ್ಳಗಾಗುವುದು ಈ ಹೊತ್ತಿನಲ್ಲೇ. ಗಂಡು ಹೂವೆಲ್ಲ ಉದುರಿ ಮುಗಿದು ಎರಡು ನಾಲ್ಕು ದಿನ ಕಳೆದ ಮೇಲೆ ಹೆಣ್ಣು ಹೂ ಬಾಯಿ ಬಿಡುತ್ತದೆ. ಅದರ ಸರದಿ ಮೂರರಿಂದ ಹತ್ತು ದಿನ ಮಾತ್ರ.

ಇದರ ಅರ್ಥವೇನು? ಒಂದು ಸಿಂಗಾರದ ಹೆಣ್ಣು ಹೂಗಳು ಸಿದ್ಧವಾಗುವಾಗ ಅದೇ ಸಿಂಗಾರದಲ್ಲಿ ಪರಾಗ ಉಳಿದಿರುವುದಿಲ್ಲ. ಅದೇ ಮರದ ಮುಂದಿನ ಹೊಂಬಾಳೆ ಆಗಲೇ ಒಡೆದಿದ್ದರೆ ಮಾತ್ರ ಸ್ವಂತ ಪರಾಗ ಸಿಕ್ಕೀತು. ಅಂಥ ಹೊಂದಾಣಿಕೆ ಅಪರೂಪ. ಆದ್ದರಿಂದ ಗಾಳಿಯಲ್ಲಿ ಬರುವ ಬೇರೆ ಮರದ ಪರಾಗವೇ ಗತಿ. ಅಂದರೆ ನಾವು ಆರಿಸಿ ತಂದ ಗೋಟಿಗೆ ತಾಯಿ ಯಾರೆಂದು ಗೊತ್ತು, ತಂದೆ ಯಾರೆಂದು ಗೊತ್ತಿಲ್ಲ. ನಿಮ್ಮ ತೋಟದ ಅತ್ಯುತ್ತಮ ಮರದ ಗೋಟಿಗೆ ತಂದೆ ಪಕ್ಕದ ಬರಡು ಮರವೂ ಆಗಿರಬಹುದು, ಬೇಲಿಯಾಚೆಯ ನೆರೆಯವರ ಮರವೂ ಆಗಿರಬಹುದು.

ನಮ್ಮ ಹಿರಿಯರು "ಒಳ್ಳೆಯ ಮರದ ಗೋಟು" ಎಂದು ಆರಿಸಿ ಹಾಕಿದರೂ ಸಾಲಿನಲ್ಲಿ ಒಂದು ಮರ ಐದನೇ ವರ್ಷಕ್ಕೆ, ಇನ್ನೊಂದು ಒಂಬತ್ತನೇ ವರ್ಷಕ್ಕೆ ಹೊಂಬಾಳೆ ಬಿಡುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೊಂದು.

ವಿಟ್ಲದಲ್ಲಿ ನಡೆದ ಕೆಲಸ

ಈ ವಿಷಯವನ್ನು ಕ್ರಮವಾಗಿ ಅಭ್ಯಾಸ ಮಾಡಿದವರ ಪೈಕಿ ಪ್ರಮುಖರೆಂದರೆ ಡಾ. ಕೆ.ವಿ. ಅಹಮ್ಮದ್ ಬಾವಪ್ಪನವರು. ದಕ್ಷಿಣ ಕನ್ನಡದ ವಿಟ್ಲದಲ್ಲಿ ಕೇಂದ್ರೀಯ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾದದ್ದು 1956ರಲ್ಲಿ. ಬಾವಪ್ಪನವರು ಕೆ.ಎನ್. ಮೂರ್ತಿಯವರೊಡನೆ 1960ರ ಹೊತ್ತಿಗೆ ಅಡಿಕೆಯ ಹೂವಿನ ಅಧ್ಯಯನವನ್ನು ಪ್ರಕಟಿಸಿದರು. 1967ರಲ್ಲಿ ರಾಮಚಂದರ್ ಅವರ ಜೊತೆಗೆ, ಉತ್ತಮ ಅಡಿಕೆ ಮರವನ್ನು ಯಾವ ಗುಣಗಳಿಂದ ಗುರುತಿಸಬೇಕೆಂಬುದನ್ನು ಅಂಕಿ ಅಂಶಗಳ ಆಧಾರದಿಂದ ಪರಿಶೀಲಿಸಿದರು. ಆ ಬಳಿಕ 1974ರಲ್ಲಿ ಅಡಿಕೆ ಕುಲದ ಮೇಲೆ ಮೈಸೂರು ವಿಶ್ವವಿದ್ಯಾಲಯಕ್ಕೆ ಡಾಕ್ಟರೇಟ್ ಪ್ರಬಂಧ ಒಪ್ಪಿಸಿದರು. 1970ರಲ್ಲಿ ಕಾಸರಗೋಡಿನಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸ್ಥಾಪನೆಯಾದಾಗ ವಿಟ್ಲದ ಕೇಂದ್ರ ಅದರೊಳಗೆ ಸೇರಿತು. ಬಾವಪ್ಪನವರು ಮುಂದೆ ಆ ಸಂಸ್ಥೆಯ ನಿರ್ದೇಶಕರೂ ಆದರು. 1982ರಲ್ಲಿ ಆ ಸಂಸ್ಥೆಯಿಂದ ಹೊರಬಂದ ಅಡಿಕೆಯ ದೊಡ್ಡ ಗ್ರಂಥದ ಸಂಪಾದಕರಲ್ಲಿ ಅವರೂ ಒಬ್ಬರು.

ಅವರ ಡಾಕ್ಟರೇಟ್ ಪ್ರಬಂಧದ ವಸ್ತು ಎರಡು ಜಾತಿಯ ಅಡಿಕೆ. ಒಂದು ನಾವು ಬೆಳೆಯುವ ಅಡಿಕೆ. ಇನ್ನೊಂದು ಟ್ರಯಾಂಡ್ರಾ ಎಂಬ ಕಾಡು ಬಂಧು, ಬಾಳೆಯ ಹಾಗೆ ಬುಡದಿಂದ ಮರಿ ಒಡೆದು ಹಿಂಡಾಗಿ ಬೆಳೆಯುವಂಥದು. ಈ ಎರಡರ ಜೀವಕೋಶಗಳಲ್ಲಿರುವ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಎರಡನ್ನೂ ಕೂಡಿಸಿ ಮಿಶ್ರತಳಿ ಪಡೆದು, ಅಡಿಕೆಯ ವಂಶದೊಳಗೆ ಎಷ್ಟು ವೈವಿಧ್ಯ ಅಡಗಿದೆ ಎಂದು ನೋಡುವುದು ಅವರ ಕೆಲಸವಾಗಿತ್ತು.

ವರ್ಣತಂತು ಎಂದರೇನೆಂದು ಒಂದು ಮಾತು. ಮರದ ಗುಣಗಳನ್ನೆಲ್ಲ ಬರೆದಿಟ್ಟ ಕಡತಗಳು ಎಂದುಕೊಳ್ಳಿ. ಎತ್ತರ, ಗೆಣ್ಣಿನ ಅಂತರ, ಕಾಯಿಯ ಗಾತ್ರ, ಮೊದಲ ಹೊಂಬಾಳೆಯ ವಯಸ್ಸು ಎಲ್ಲದರ ಬರಹವೂ ಅಲ್ಲಿದೆ. ಒಂದೊಂದು ಬರಹವನ್ನು ಜೀನ್ ಎನ್ನುತ್ತಾರೆ. ಅಡಿಕೆಯಲ್ಲಿ ಇಂಥ ಕಡತಗಳು 32. ಟ್ರಯಾಂಡ್ರಾದಲ್ಲಿಯೂ 32. ಹದಿನಾರು ತಾಯಿಯಿಂದ ಬಂದದ್ದು, ಹದಿನಾರು ತಂದೆಯಿಂದ ಬಂದದ್ದು. ಹೀಗೆ ಹದಿನಾರು ಜೊತೆ.

ಮರ ಹೂ ಬಿಡುವಾಗ ಪ್ರತಿ ಜೊತೆಯಿಂದ ಒಂದೊಂದನ್ನು ಮಾತ್ರ ಮುಂದಿನ ಪೀಳಿಗೆಗೆ ಕೊಡುತ್ತದೆ. ಯಾವುದನ್ನು ಕೊಡಬೇಕೆಂಬ ನಿಯಮವಿಲ್ಲ, ಚೀಟಿ ಎತ್ತಿದ ಹಾಗೆ. ಹದಿನಾರು ಜೊತೆಯಲ್ಲಿ ಚೀಟಿ ಎತ್ತಿದರೆ ಎಷ್ಟು ಬಗೆಯಾಯಿತು? ಹದಿನಾರು ಎರಡುಗಳನ್ನು ಒಂದಕ್ಕೊಂದು ಗುಣಿಸುತ್ತಾ ಹೋಗಿ: 65,536. ತಾಯಿಯ ಕಡೆಯಿಂದ ಇಷ್ಟು, ತಂದೆಯ ಕಡೆಯಿಂದಲೂ ಇಷ್ಟು. ಒಂದೇ ಕೊನೆಯ ಎರಡು ಗೋಟುಗಳು ಒಡಹುಟ್ಟಿದವಾದರೂ ಒಂದೇ ಥರ ಇರುವುದಿಲ್ಲ. ನಮ್ಮ ನಮ್ಮ ಮನೆಯ ಮಕ್ಕಳನ್ನು ನೋಡಿದರೆ ಇದಕ್ಕೆ ಬೇರೆ ಸಾಕ್ಷಿ ಬೇಡ.

ಮೊದಲ ಹೊಂಬಾಳೆಯ ವಯಸ್ಸು ವಂಶದ ಗುಣವೂ ಹೌದು, ಆರೈಕೆಯ ಫಲವೂ ಹೌದು. ಬೇಗ ಫಸಲಿಗೆ ಬರುವ ತಾಯಿಮರವನ್ನೇ ಆರಿಸಬೇಕೆಂದು ವಿಟ್ಲದವರು ಹೇಳಿದ್ದು ಈ ವಂಶದ ಪಾಲನ್ನು ಕಂಡುಕೊಂಡೇ. ಹೊರದೇಶಗಳಿಂದ ಅಡಿಕೆ ತಂದು ವಿಟ್ಲದಲ್ಲಿ ನೆಟ್ಟು ವರ್ಷಗಟ್ಟಲೆ ಲೆಕ್ಕವಿಟ್ಟರು. ಅವುಗಳಲ್ಲಿ ಚೀನಾದಿಂದ ಬಂದದ್ದು ಬೇಗ ಫಸಲಿಗೆ ಬಂತು. 1972ರಲ್ಲಿ ಅದನ್ನೇ 'ಮಂಗಳ' ಎಂದು ಬಿಡುಗಡೆ ಮಾಡಿದರು. ಮರವೊಂದಕ್ಕೆ ವರ್ಷಕ್ಕೆ ಸರಾಸರಿ 3 ಕಿಲೋ ಚಾಲಿಯ ಲೆಕ್ಕ ಅದರದು. ಇಂಡೋನೇಷ್ಯಾದ್ದು 'ಸುಮಂಗಳ', ಸಿಂಗಪುರದ್ದು 'ಶ್ರೀಮಂಗಳ' ಆದವು. ಪಶ್ಚಿಮ ಬಂಗಾಳದ ಮೋಹಿತ್‌ನಗರದ ತಳಿ 1991ರಲ್ಲಿ ಬಂತು. ಅದರ ಸರಾಸರಿ 3.67 ಕಿಲೋ ಚಾಲಿ.

ಹಾಗಾದರೆ ನಮ್ಮ ಯುವ ಸದಸ್ಯರ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಬೇಗ ಹೊಂಬಾಳೆ ಬಿಡುವ ತಳಿ ಇರುವುದು ಸುಳ್ಳಲ್ಲ. ಒಳ್ಳೆಯ ಮಣ್ಣು, ಬೇಸಿಗೆಯಲ್ಲಿ ತಪ್ಪದ ನೀರು, ಹೊತ್ತಿಗೆ ಸರಿಯಾಗಿ ಗೊಬ್ಬರ ಇದ್ದರೆ ಮಂಗಳ ಮೂರು ನಾಲ್ಕು ವರ್ಷಕ್ಕೆ ಹೊಂಬಾಳೆ ತೋರಿಸುತ್ತದೆ. ಆದರೆ 'ಮಂಗಳ' ಎಂದು ಚೀಟಿ ಅಂಟಿಸಿದ ಸಸಿಯೆಲ್ಲ ಮಂಗಳವಲ್ಲ. ಉಳಿದರ್ಧ ಉತ್ತರ ಅಲ್ಲಿದೆ.

ನಾನು ಪಟ್ಟ ಪಾಡು

ಇದನ್ನು ಬರೆಯಲು ನನಗೆ ಸ್ವಲ್ಪ ನಾಚಿಕೆಯೇ. ಆದರೂ ಸದಸ್ಯರಿಗೆ ಉಪಯೋಗವಾದೀತೆಂದು ಬರೆಯುತ್ತೇನೆ. ಬಿ.ಎಸ್ಸಿ. ಓದಿದವನು, ಸಸ್ಯಶಾಸ್ತ್ರದಲ್ಲಿ ಮೆಂಡೆಲನ ಬಟಾಣಿಯ ಲೆಕ್ಕ ಬರೆದು ಪಾಸಾದವನು ನಾನು. ಅಂಥವನು 2011ರಲ್ಲಿ ಒಂದು ಖಾಸಗಿ ನರ್ಸರಿಯಿಂದ 'ಗಿಡ್ಡ ಹೈಬ್ರಿಡ್' ಎಂದು ಹೇಳಿದ 250 ಸಸಿಗಳನ್ನು ಊರ ಸಸಿಯ ಮೂರು ಪಟ್ಟು ಬೆಲೆ ಕೊಟ್ಟು ತಂದೆ. ಕೊನೆಗಾರರು ಸಿಗದ ಕಾಲ, ಗಿಡ್ಡ ಮರವಾದರೆ ನೆಲದಲ್ಲಿ ನಿಂತೇ ಮದ್ದು ಹೊಡೆಯಬಹುದೆಂಬ ಆಸೆ.

ಆರನೇ ವರ್ಷಕ್ಕೆ ತೋಟ ನೋಡುವಂತಿರಲಿಲ್ಲ. ಕೆಲವು ಗಿಡ್ಡ, ಕೆಲವು ಮಧ್ಯಮ, ಕೆಲವು ಆಕಾಶಕ್ಕೆ ಏಣಿ. ಗಿಡ್ಡವಿದ್ದವುಗಳಲ್ಲೂ ಕೆಲವು ಹೊಂಬಾಳೆ ಬಿಟ್ಟು ಗೋಲಿ ಗಾತ್ರದ ಅಡಿಕೆ ಕೊಟ್ಟವು. ಕೆಲವು ಒಂಬತ್ತನೇ ವರ್ಷದವರೆಗೂ ಹಾಳೆ ಬಿಟ್ಟು ಬೇರೇನನ್ನೂ ಕೊಡಲಿಲ್ಲ. ಅರ್ಧಕ್ಕರ್ಧ ಕಡಿದು ಮತ್ತೆ ಸಸಿ ಹಾಕಬೇಕಾಯಿತು. ಸಸಿಯ ದುಡ್ಡು ಹೋದದ್ದಕ್ಕಿಂತ ಒಂಬತ್ತು ವರ್ಷ ಹೋದದ್ದು ದೊಡ್ಡದು. ಮಗಳ ಓದಿನ ಖರ್ಚಿಗೆ ಆ ಫಸಲನ್ನು ನಂಬಿಕೊಂಡಿದ್ದೆ. ಕೊನೆಗೆ ಸಾಲ ಮಾಡಿದೆ.

ಆಗಿದ್ದೇನೆಂದು ಆಮೇಲೆ ತಿಳಿಯಿತು. ತುಮಕೂರು ಜಿಲ್ಲೆಯ ಹಿರೇಹಳ್ಳಿಯಲ್ಲಿ ತಾನಾಗಿ ಹುಟ್ಟಿದ ಒಂದು ಗಿಡ್ಡ ಅಡಿಕೆ ಇದೆ. ಅದರ ಮರ ಗಿಡ್ಡ, ಫಸಲು ಕಡಿಮೆ. ಅದನ್ನು ಸುಮಂಗಳ ಮತ್ತು ಮೋಹಿತ್‌ನಗರ ತಳಿಗಳೊಡನೆ ಕೂಡಿಸಿ ವಿಟ್ಲದಲ್ಲಿ ಎರಡು ಗಿಡ್ಡ ಮಿಶ್ರತಳಿಗಳನ್ನು ಮಾಡಿದರು. ಹೊಂಬಾಳೆಯ ಗಂಡು ಹೂ ತೆಗೆದು, ಚೀಲ ಕಟ್ಟಿ, ಹೆಣ್ಣು ಹೂವಿಗೆ ಕೈಯಿಂದ ಪರಾಗ ಹಾಕಿ ಪಡೆದ ಗೋಟಿನಿಂದ ಬರುವ ಸಸಿ ಮಾತ್ರ ಆ ಮಿಶ್ರತಳಿ. ಅದರಲ್ಲಿ ಗಿಡ್ಡದ ಪಾಲೊಂದು, ಇಳುವರಿಯ ಪಾಲೊಂದು ಜೊತೆಗೂಡಿರುತ್ತವೆ.

ಯಾರೋ ಆ ಮಿಶ್ರತಳಿಯ ಮರದಡಿ ಬಿದ್ದ ಗೋಟು ಹೆಕ್ಕಿ ಸಸಿ ಮಾಡಿದರೆ ಏನಾಗುತ್ತದೆ? ಮೊದಲು ಹೇಳಿದ ಹದಿನಾರು ಚೀಟಿಗಳ ಆಟ ಮತ್ತೆ ಶುರು. ಗಿಡ್ಡದ ಪಾಲು ಒಂದು ಸಸಿಗೆ, ಎತ್ತರದ ಪಾಲು ಇನ್ನೊಂದಕ್ಕೆ, ತಡವಾಗಿ ಹೂಬಿಡುವ ಪಾಲು ಮತ್ತೊಂದಕ್ಕೆ. ಜೊತೆಗೆ ತಂದೆ ಯಾರೆಂಬುದೂ ಗೊತ್ತಿಲ್ಲ. ನನ್ನ ತೋಟದಲ್ಲಿ ಆದದ್ದು ಇದೇ. ಮಾರಿದವರಿಗೆ ಮೋಸ ಮಾಡುವ ಉದ್ದೇಶವೇ ಇತ್ತೆಂದು ನಾನು ಹೇಳುವುದಿಲ್ಲ. ಅವರಿಗೂ ತಿಳಿದಿರಲಿಕ್ಕಿಲ್ಲ. ಆದರೆ ನಷ್ಟ ನನ್ನದು. ಮೆಂಡೆಲ್ 1866ರ ತನ್ನ ಪ್ರಬಂಧದಲ್ಲಿ ಬಟಾಣಿಯ ಮಿಶ್ರತಳಿಗಳು ತಾಯಿ ತಂದೆಯರ ನಡುವಣ ಹೊತ್ತಿನಲ್ಲಿ ಹೂಬಿಡುತ್ತವೆ ಎಂದು ಬರೆದಿದ್ದಾನೆ. ಅದನ್ನು ಓದಿಯೂ ಸಸಿ ಕೊಳ್ಳುವಾಗ ನನಗೆ ನೆನಪಾಗಲಿಲ್ಲ.

ಹೂಬಿಡಲು ಹೇಳುವವರು ಯಾರು?

ಗಿಡಕ್ಕೆ "ಈಗ ಹೂ ಬಿಡು" ಎಂದು ತಿಳಿಸುವುದು ಯಾವುದು ಎಂಬ ಕುತೂಹಲ ಪ್ರಪಂಚದಲ್ಲಿ ಬಹಳ ಜನರಿಗಿತ್ತು. ಅಮೆರಿಕದಲ್ಲಿ ಹೊಗೆಸೊಪ್ಪಿನ ಒಂದು ತಳಿ ಬೇಸಿಗೆಯಿಡೀ ಬೆಳೆದೂ ಹೂ ಬಿಡುತ್ತಿರಲಿಲ್ಲ. ಚಳಿಗಾಲದಲ್ಲಿ ಗಾಜಿನ ಮನೆಯೊಳಗಿಟ್ಟರೆ ಬಿಡುತ್ತಿತ್ತು. ಗಾರ್ನರ್ ಮತ್ತು ಅಲಾರ್ಡ್ ಎಂಬಿಬ್ಬರು ಇದಕ್ಕೆ ಹಗಲಿನ ಉದ್ದವೇ ಕಾರಣವೆಂದು 1920ರಲ್ಲಿ ತೋರಿಸಿದರು. ನಮ್ಮ ಬಯಲುಸೀಮೆಯ ಅವರೆ ಇದಕ್ಕೆ ಒಳ್ಳೆಯ ಉದಾಹರಣೆ. ಊರ ಅವರೆ ಹಗಲು ಕಿರಿದಾದ ಮೇಲೆಯೇ ಹೂ ಬಿಡುವುದು, ಸೊಗಡಿನ ಕಾಯಿ ಸಂಕ್ರಾಂತಿಯ ಸುತ್ತಮುತ್ತ ಬರುವುದು ಅದಕ್ಕೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದವನ್ನು ಲೆಕ್ಕಿಸದ 'ಹೆಬ್ಬಾಳ ಅವರೆ–3', 'ಹೆಬ್ಬಾಳ ಅವರೆ–4' ತಳಿಗಳನ್ನು ಕೊಟ್ಟರು. ಈಗ ವರ್ಷವಿಡೀ ಅವರೆ ಸಿಗುತ್ತದೆ. ಅಲ್ಲಿನ ಡಾಕ್ಟರೇಟ್ ವಿದ್ಯಾರ್ಥಿಗಳು ಎರಡೂ ಬಗೆಯ ಅವರೆಯನ್ನು ಕೂಡಿಸಿ, ಮಕ್ಕಳು ಮೊಮ್ಮಕ್ಕಳನ್ನು ಎಣಿಸಿ, ಈ ಗುಣ ವಂಶದಲ್ಲಿ ಹೇಗೆ ಹರಿದುಬರುತ್ತದೆಂದು ನೋಡಿದ್ದಾರೆ.

ಎಲೆಯಲ್ಲಿ ಹುಟ್ಟಿ ಮೊಗ್ಗಿನ ಜಾಗಕ್ಕೆ ಹೋಗುವ ಒಂದು 'ಹೂಸಂದೇಶ' ಇರಬೇಕೆಂದು ರಷ್ಯಾದ ಚೈಲಖ್ಯಾನ್ 1937ರಲ್ಲಿ ಹೇಳಿದರು. ಅದು ಒಂದು ಸಣ್ಣ ಪ್ರೋಟೀನ್ ಎಂದು ಖಚಿತವಾಗಲು 2007 ಆಗಬೇಕಾಯಿತು. ಭತ್ತದಲ್ಲೂ, ಸಾಸಿವೆಯ ಬಳಗಕ್ಕೆ ಸೇರಿದ ಅರಬಿಡಾಪ್ಸಿಸ್ ಎಂಬ ಪುಟ್ಟ ಕಳೆಯಲ್ಲೂ ಅದನ್ನು ಕಂಡರು. ಪ್ರಯೋಗಶಾಲೆಗಳಿಗೆ ಆ ಕಳೆ ಏಕೆ ಪ್ರಿಯವೆಂದರೆ ಅದು ಬಿತ್ತಿದ ಒಂದು ತಿಂಗಳ ಆಸುಪಾಸಿನಲ್ಲಿ ಹೂ ಬಿಡುತ್ತದೆ. ಒಬ್ಬ ವಿದ್ಯಾರ್ಥಿ ತನ್ನ ನಾಲ್ಕು ವರ್ಷದ ಡಾಕ್ಟರೇಟ್ ಅವಧಿಯಲ್ಲಿ ಅದರ ಹಲವಾರು ತಲೆಮಾರು ನೋಡಿಬಿಡಬಹುದು.

ಕಾಫಿ ಸದಸ್ಯರಿಗೆ

ಅಡಿಕೆಯ ನಡುವೆ ಕಾಫಿ ಹಾಕಿದ ಸದಸ್ಯರು ಈಗ ಬಹಳ ಮಂದಿ ಇದ್ದಾರೆ. ಕಾಫಿಗೆ ಹೂವಿನ ಕರೆ ಬರುವುದು ಮಳೆಯಿಂದ. ಮಳೆಗಾಲ ಕಳೆದ ಮೇಲೆ ಗೆಣ್ಣುಗಳಲ್ಲಿ ಮೊಗ್ಗು ಮೂಡಿ ಸ್ವಲ್ಪ ಬೆಳೆದು ನಿದ್ರೆಗೆ ಹೋಗುತ್ತದೆ. ಮೊಗ್ಗಿಗೆ ಒಂದಷ್ಟು ದಿನದ ಒಣಹವೆ ಬೇಕು. ಬಳಿಕ ಒಂದೊಳ್ಳೆಯ ಹೂಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವಿಡೀ ಬೆಳ್ಳಗೆ. ಒಣಗಿದ ಮೇಲೆ ಸಿಗುವ ನೀರೇ ಮೊಗ್ಗನ್ನು ಎಬ್ಬಿಸುತ್ತದೆಂದು ಆಲ್ವಿಮ್ ಎಂಬ ವಿಜ್ಞಾನಿ 1960ರಲ್ಲಿ ತೋರಿಸಿದರು. ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂದರೆ ಏನಾಗುವುದೆಂದು 2021ರ ಜನವರಿ ಮೊದಲ ವಾರ ನಮಗೆ ತೋರಿಸಿತು. ಒಂದೇ ಗಿಡದಲ್ಲಿ ಹಣ್ಣು ಕೊಯ್ಲೂ ಹೂವೂ ಒಟ್ಟಿಗೆ ಬಂದವು.

ಬೀಜದ ವಿಷಯದಲ್ಲಿ ಕಾಫಿಯಲ್ಲಿ ಎರಡು ಜಾತಿ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಕೊಟ್ಟ ಎಸ್.795 ತಳಿಯ ಬೀಜ ಹಾಕಿದರೆ ಸಸಿ ಬಹುಮಟ್ಟಿಗೆ ತಾಯಿಯಂತೆ ಬರುವುದು ಈ ಕಾರಣದಿಂದ. ರೊಬಸ್ಟಾ ಹಾಗಲ್ಲ. ಅದು ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ. ನಮ್ಮ ಅಡಿಕೆಯ ಹಾಗೆ ಅದಕ್ಕೂ ಪರರ ಪರಾಗವೇ ಬೇಕು. ಆದ್ದರಿಂದ ರೊಬಸ್ಟಾದಲ್ಲಿ ಒಳ್ಳೆಯ ಗಿಡದ ಗುಣ ಉಳಿಸಿಕೊಳ್ಳಬೇಕಾದರೆ ಕಸಿ ಅಥವಾ ಕಡ್ಡಿ ಸಸಿಯೇ ಸರಿ. ಅಡಿಕೆಗೆ ರೈತನ ಮಟ್ಟದಲ್ಲಿ ಕಸಿಯ ದಾರಿ ಇಲ್ಲ. ಗೋಟೊಂದೇ ದಾರಿ. ಅದಕ್ಕೇ ಗೋಟಿನ ಆಯ್ಕೆಗೆ ಇಷ್ಟು ಮಹತ್ವ.

ಬೇಗವೆಂದರೆ ಒಳ್ಳೆಯದೆಂದಲ್ಲ

ಮತ್ತೆ ಅಡಿಕೆಗೆ ಬರೋಣ. ಬೇಗ ಹೊಂಬಾಳೆ ಬಿಡುವ ಮರವೇ ಎಲ್ಲರಿಗೂ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಮಂಗಳ, ಮೋಹಿತ್‌ನಗರ ತಳಿಗಳ ಇಳುವರಿ ಲೆಕ್ಕವೆಲ್ಲ ಹಣ್ಣಡಿಕೆ ಒಣಗಿಸಿ ಮಾಡುವ ಚಾಲಿಯದು. ನಾವು ಮಲೆನಾಡಿನವರು ಹಸಿಯಲ್ಲೇ ಕೊಯ್ದು, ಸುಲಿದು, ಬೇಯಿಸಿ ಸರಕು, ಬೆಟ್ಟೆ, ರಾಶಿ ಇಡಿ ಮಾಡುವವರು. ಈ ಕೆಲಸಕ್ಕೆ ನಮ್ಮ 'ತೀರ್ಥಹಳ್ಳಿ ಸ್ಥಳೀಯ' ತಳಿಗೆ ಒಳ್ಳೆಯ ಹೆಸರಿದೆ. ಹಸ ಮಾಡುವವರು ಅದನ್ನು ಬಿಟ್ಟುಕೊಡುವ ಮೊದಲು ನಾಲ್ಕು ಸಲ ಯೋಚಿಸುವುದು ಲೇಸು. ಒಂದು ಎಕರೆ ಇರುವವರು ಪೂರ್ತಿ ಒಂದೇ ಹೊಸ ತಳಿ ಹಾಕುವುದಕ್ಕಿಂತ ಮುಕ್ಕಾಲು ಭಾಗ ಆರಿಸಿದ ಊರ ತಳಿ, ಕಾಲು ಭಾಗ ಹೊಸದು ಎಂದು ಹಾಕಿ ನೋಡುವುದು ನನಗೆ ಸರಿ ಕಾಣುತ್ತದೆ.

ತಿಂಗಳ ಲೆಕ್ಕವೂ ಮುಖ್ಯ. ಮಾಘದಲ್ಲಿ ಒಡೆದ ಸಿಂಗಾರ ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಕಾಯಾಗಿರುತ್ತದೆ, ವೈಶಾಖದ ಕೊನೆಗೆ ಒಡೆದದ್ದು ಇನ್ನೂ ಮಿಡಿ. ಬೋರ್ಡೋ ದ್ರಾವಣ ರೋಗ ಬಾರದಂತೆ ಕಾಯುವ ಮದ್ದು, ಬಂದದ್ದನ್ನು ಗುಣ ಮಾಡುವುದಲ್ಲ. 1910ರಲ್ಲಿ ಮೈಸೂರು ಸಂಸ್ಥಾನದ ಡಾ. ಕೋಲ್ಮನ್ ಕೊಳೆರೋಗದ ಬಗ್ಗೆ ಬರೆದಾಗಿನಿಂದ ಈ ಮಾತು ನಡೆದುಬಂದಿದೆ. ಮೊದಲ ಸಿಂಪಡಣೆ ಆದ ಮೇಲೆ ಒಡೆದ ಹೊಂಬಾಳೆಗೆ ಮದ್ದು ತಾಗಿರುವುದಿಲ್ಲ. ನಿಮ್ಮ ತೋಟದಲ್ಲಿ ತಡವಾಗಿ ಒಡೆಯುವ ಮರಗಳು ಯಾವುವೆಂದು ಗುರುತಿದ್ದರೆ ನಲವತ್ತು ನಲವತ್ತೈದು ದಿನಕ್ಕೆ ಹೊಡೆಯುವ ಎರಡನೇ ಮದ್ದಿನ ವೇಳೆ ಅವನ್ನು ಬಿಡದೆ ನೋಡಿಕೊಳ್ಳಬಹುದು.

ಮಾಡಬೇಕಾದದ್ದು

ಸದಸ್ಯರ ಅನುಕೂಲಕ್ಕಾಗಿ ಮುಖ್ಯ ಅಂಶಗಳನ್ನು ಒಂದೆಡೆ ಕೊಟ್ಟಿದೆ.

1. ತಾಯಿಮರವನ್ನು ಒಂಟಿಯಾಗಿ ಆರಿಸಬೇಡಿ, ಗುಂಪಾಗಿ ಆರಿಸಿ. ಸುತ್ತಲಿನ ಮರಗಳೂ ಒಳ್ಳೆಯವಿರುವ ತಾಣದ ನಡುಮರದಿಂದ ಗೋಟು ತೆಗೆದರೆ ತಂದೆಯೂ ಒಳ್ಳೆಯವನಿರುವ ಸಂಭವ ಹೆಚ್ಚು. ತೋಟದ ಅಂಚಿನ ಮರ, ಬರಡು ಮರಗಳ ನಡುವೆ ನಿಂತ ಒಂಟಿ ಮರ ಬೇಡ.

2. ಮರದ ಗುಣ: ಬೇಗ ಫಸಲಿಗೆ ಬಂದದ್ದು, ವರ್ಷವೂ ತಪ್ಪದೆ ಕೊಡುವುದು, ಗೆಣ್ಣು ಹತ್ತಿರವಿರುವುದು, ಸೋಗೆ ಹೆಚ್ಚಿರುವುದು, ಹೆಣ್ಣು ಹೂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಾಯಿ ಕಟ್ಟುವುದು.

3. ಗೋಟಿನ ಗುಣ: ಪೂರ್ತಿ ಹಣ್ಣಾದದ್ದು, 35 ಗ್ರಾಂಗಿಂತ ಹೆಚ್ಚು ತೂಗುವುದು. ನೀರಿಗೆ ಹಾಕಿದರೆ ತೊಟ್ಟು ಮೇಲಾಗಿ ನೆಟ್ಟಗೆ ತೇಲುವ ಗೋಟಿನ ಸಸಿ ಚೆನ್ನಾಗಿ ಬರುತ್ತದೆ. ಒಣಗಲು ಬಿಡದೆ ಬೇಗ ಮಡಿಯಲ್ಲಿ ಊರಿ.

4. ನಾಟಿಗೆ 12ರಿಂದ 18 ತಿಂಗಳಿನ, ಐದಕ್ಕೆ ಕಡಿಮೆಯಿಲ್ಲದೆ ಎಲೆ ಇರುವ, ಕುಳ್ಳಗೆ ದಪ್ಪನೆಯ ಸಸಿ ಆರಿಸಿ. ಎತ್ತರಕ್ಕೆ ಸೊರಗಿ ಹೋದದ್ದನ್ನು ಬಿಡಿ.

5. ಗಿಡ್ಡ ಮಿಶ್ರತಳಿ ಬೇಕಾದರೆ ಕೈಯಿಂದ ಪರಾಗ ಹಾಕಿ ಮಾಡಿದ ಸಸಿಯೇ ಎಂದು ಬರವಣಿಗೆಯಲ್ಲಿ ಕೊಡುವ ಸಂಶೋಧನಾ ಕೇಂದ್ರದಿಂದಲೇ ತನ್ನಿ. ಮಿಶ್ರತಳಿಯ ಮರದ ಗೋಟನ್ನು ನೀವೂ ಸಸಿ ಮಾಡಬೇಡಿ, ನೆಂಟರಿಗೂ ಕೊಡಬೇಡಿ.

6. ಸಸಿ ಕೊಂಡ ರಸೀದಿ, ತಳಿಯ ಹೆಸರು, ನಾಟಿಯ ದಿನಾಂಕ ಜೋಪಾನವಾಗಿಡಿ. ನನ್ನ ಬಳಿ ರಸೀದಿಯೂ ಇರಲಿಲ್ಲ.

ಒಂದು ನೋಟ್ ಬುಕ್ ಇಡಿ

ಕೊನೆಯದಾಗಿ, ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತು. ಅರಬಿಡಾಪ್ಸಿಸ್ ಕಳೆಯ ಹೂಬಿಡುವ ಕಾಲವನ್ನು ನಾಲ್ಕು ವರ್ಷದ ಡಾಕ್ಟರೇಟ್‌ನಲ್ಲಿ ಅಭ್ಯಾಸ ಮಾಡಬಹುದು. ಅಡಿಕೆಯದು ಹಾಗಾಗುವುದಿಲ್ಲ. ವಿದ್ಯಾರ್ಥಿ ಸಸಿ ನೆಟ್ಟರೆ ಅದು ಮೊದಲ ಹೊಂಬಾಳೆ ಬಿಡುವ ಮೊದಲೇ ಅವರ ಪದವಿಯ ಅವಧಿ ಮುಗಿದಿರುತ್ತದೆ. ಬಾವಪ್ಪನವರ ಪ್ರಬಂಧ ಸಾಧ್ಯವಾದದ್ದು ವಿಟ್ಲದಲ್ಲಿ ಮೊದಲೇ ನೆಟ್ಟ ಮರಗಳೂ, ಮೊದಲಿನಿಂದ ಇಟ್ಟ ಲೆಕ್ಕಗಳೂ ಇದ್ದುದರಿಂದ. ಈಗ ಯಂತ್ರಗಳು ಬಂದಿವೆ. 2021ರಲ್ಲಿ ಚೀನಾದ ವಿಜ್ಞಾನಿಗಳು ಅಡಿಕೆಯ ಹದಿನಾರು ಜೊತೆ ವರ್ಣತಂತುಗಳ ಬರಹವನ್ನು ಓದಿ ಪ್ರಕಟಿಸಿದ್ದಾರೆ. ಎಲೆಯ ಒಂದು ಚೂರಿನಿಂದ ಮರದ ವಂಶದ ಬರಹ ಓದಬಹುದು. ಆದರೆ ಆ ಮರ ಎಷ್ಟನೇ ವರ್ಷಕ್ಕೆ ಹೊಂಬಾಳೆ ಬಿಟ್ಟಿತು ಎಂಬುದನ್ನು ಎಲೆಯ ಚೂರು ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ಮರ ನೆಟ್ಟವರು. ಎರಡೂ ಕೂಡಿದಾಗ ಮಾತ್ರ ಯಾವ ಬರಹ ಬೇಗ ಹೂಬಿಡಿಸುತ್ತದೆಂದು ತಿಳಿಯಲು ಸಾಧ್ಯ.

ಕೆಳದಿ ಶಿವಪ್ಪ ನಾಯಕರ ಹೆಸರಿನ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ನಮ್ಮ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲೇ ಇದೆ. ಸಂಶೋಧನೆಯ ವಿದ್ಯಾರ್ಥಿಗಳು ತೋಟಕ್ಕೆ ಬಂದು ಮರದ ವಯಸ್ಸು ಕೇಳಿದರೆ ನಾವು "ಅಪ್ಪಯ್ಯನ ಕಾಲದ್ದು", "ದೊಡ್ಡ ಮಳೆ ಬಂದ ವರ್ಷ ಹಾಕಿದ್ದು" ಎಂದು ಹೇಳಿ ಕಳುಹಿಸುತ್ತೇವೆ. ಅವರು ಅದನ್ನು ಬರೆದುಕೊಂಡು ಏನು ಮಾಡಿಯಾರು?

ಆದ್ದರಿಂದ ಒಂದು ವಿನಂತಿ. ಈ ವರ್ಷ ಹೊಸ ನಾಟಿ ಮಾಡುವ ಪ್ರತಿ ಸದಸ್ಯರೂ ಹತ್ತು ಸಸಿಗಳಿಗೆ ಮಾತ್ರ ನಂಬರು ಹಾಕಿ. ಒಂದು ಇನ್ನೂರು ಪುಟದ ನೋಟ್ ಬುಕ್ಕಿನಲ್ಲಿ ಗೋಟು ಎಲ್ಲಿಯದು, ನಾಟಿ ಯಾವ ದಿನ, ಮೊದಲ ಹೊಂಬಾಳೆ ಯಾವ ದಿನ ಎಂದು ಬರೆದಿಡಿ. ಫಸಲಿಗೆ ಬಂದ ಮೇಲೆ ವರ್ಷಕ್ಕೆ ಎಷ್ಟು ಹೊಂಬಾಳೆ, ಯಾವ ಯಾವ ತಿಂಗಳು, ಎಷ್ಟು ಕೊನೆ ಉಳಿಯಿತು ಎಂದೂ ಬರೆಯಿರಿ. ಹತ್ತು ಮರಕ್ಕೆ ಇದು ವರ್ಷದಲ್ಲಿ ಒಂದು ದಿನದ ಕೆಲಸವಲ್ಲ. ನೂರು ಸದಸ್ಯರು ಮಾಡಿದರೆ ಸಾವಿರ ಮರದ ಲೆಕ್ಕವಾಯಿತು. ಯಾವ ಡಾಕ್ಟರೇಟ್ ವಿದ್ಯಾರ್ಥಿಗೂ ಒಬ್ಬರಿಂದಲೇ ಇಷ್ಟು ಲೆಕ್ಕ ಸಾಧ್ಯವಿಲ್ಲ. ನೋಟ್ ಬುಕ್ ಸಂಘದ ಕಚೇರಿಯಲ್ಲಿ ಸಿಗುತ್ತದೆ, ಬೆಲೆ ಇಲ್ಲ.

ಹೊಸನಗರದ ಆ ಯುವ ಸದಸ್ಯರಿಗೆ ನಾನು ಮೊದಲು ಮಾಡಲು ಹೇಳುವ ಕೆಲಸ ಸಸಿ ಕೊಳ್ಳುವುದಲ್ಲ. ರೋಗದಿಂದ ಸೊರಗಿದ್ದರೂ ತಂದೆಯವರ ತೋಟದಲ್ಲಿ ಯಾವ ಮರ ಎಷ್ಟನೇ ವರ್ಷಕ್ಕೆ ಹೊಂಬಾಳೆ ಬಿಟ್ಟಿತ್ತು, ಯಾವುದು ವರ್ಷವೂ ಬಿಡದೆ ಕೊಟ್ಟಿತು ಎಂದು ತಂದೆಯವರನ್ನು ಕೂರಿಸಿಕೊಂಡು ಕೇಳಲಿ. ಅವರ ನೆನಪಿನಲ್ಲಿ ಇರುವಾಗಲೇ ಬರೆದುಕೊಳ್ಳಲಿ. ಆ ಪಟ್ಟಿ ತೆಗೆದುಕೊಂಡು ಕಚೇರಿಗೆ ಬಂದರೆ ಗೋಟಿನ ಮರ ಯಾವುದು, ಹೊರಗಿನ ಸಸಿ ಎಷ್ಟು ಎಂದು ಒಟ್ಟಿಗೆ ಕೂತು ತೀರ್ಮಾನಿಸೋಣ. ಬುಧವಾರ ಬೆಳಿಗ್ಗೆ ನಾನು ಕಚೇರಿಯಲ್ಲಿರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ